ಯಾವ ಡಿಟಾಕ್ಸ್ ಪರವಾಗಿಲ್ಲ, ಯಾವುದು ಬೇಡವೇ ಬೇಡ: ಆಯ್ಕೆಗೆ ಮುಂಚೆ ಒಂದು ಹೋಲಿಕೆ

ಮೈಯೊಳಗೆ ವಿಷ ಸೇರಿದೆ, ಅದನ್ನು ತೊಳೆದು ಹಾಕಬೇಕು ಅಂತ ಒಮ್ಮೆ ತಲೆಗೆ ಹೊಕ್ಕರೆ ಸಾಕು, ದಾರಿಗಳು ಹತ್ತಾರು ಸಿಗುತ್ತವೆ. ಮೂರು ದಿನದ ಜ್ಯೂಸ್ ಉಪವಾಸ, ಲಿವರ್ ಫ್ಲಶ್, ಕರುಳು ತೊಳೆಯುವುದು, ಪಾದಕ್ಕೆ ಅಂಟಿಸುವ ಪ್ಯಾಡ್, ಇದ್ದಿಲಿನ ಕ್ಯಾಪ್ಸೂಲ್, ಗಂಟೆಗಟ್ಟಲೆ ಬೆವರಿಳಿಸುವುದು, ಕೊನೆಗೆ ಮೈಯೊಳಗಿನ ಲೋಹವನ್ನು ಹಿಡಿದು ಹೊರಹಾಕಲು ಡ್ರಿಪ್ ಹಾಕಿ ಕೊಡುವ ಔಷಧ, ಅಂದರೆ ಕೀಲೇಶನ್. ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳುವವರಿಗೆ ನಾನು ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ತೆಗೆಯಬೇಕಾದ ವಿಷ ಯಾವುದು? ಅದರ ಹೆಸರೇನು?

ಇದು ಮಾತಿನಲ್ಲಿ ಸಿಕ್ಕಿಸಲು ಕೇಳುವ ಪ್ರಶ್ನೆ ಅಲ್ಲ. ಆಸ್ಪತ್ರೆಯಲ್ಲಿ ವಿಷಕ್ಕೆ ಚಿಕಿತ್ಸೆ ಕೊಡುವಾಗ ಮೊದಲು ಹುಡುಕುವುದೇ ಹೆಸರನ್ನು. ಪ್ಯಾರಾಸಿಟಮಾಲ್ ಜಾಸ್ತಿ ಆಗಿದ್ದರೆ ಅಸಿಟೈಲ್‌ಸಿಸ್ಟೀನ್ ಕೊಡುತ್ತಾರೆ. ಸೀಸ ಸೇರಿದ್ದರೆ ಔಷಧ ಬೇರೆ. ಕಿಡ್ನಿ ಕೆಟ್ಟಿದ್ದರೆ ಡಯಾಲಿಸಿಸ್. ಹೆಸರು ಗೊತ್ತಿದ್ದರೆ ರಕ್ತದಲ್ಲಿ ಅಳೆಯಬಹುದು, ಚಿಕಿತ್ಸೆ ಆದ ಮೇಲೆ ಮತ್ತೆ ಅಳೆದು ಇಳಿದಿದೆಯೇ ಅಂತ ನೋಡಬಹುದು. ಡಿಟಾಕ್ಸ್ ಮಾರುವವರು ಈ ಹೆಸರನ್ನೇ ಹೇಳುವುದಿಲ್ಲ. 2009ರಲ್ಲಿ ಬ್ರಿಟನ್ನಿನ ಸೆನ್ಸ್ ಅಬೌಟ್ ಸೈನ್ಸ್ ಎಂಬ ಸಂಸ್ಥೆಯ ಜೊತೆ ಕೆಲಸ ಮಾಡುತ್ತಿದ್ದ ಯುವ ವಿಜ್ಞಾನಿಗಳು ಡಿಟಾಕ್ಸ್ ಹೆಸರಿನ 15 ಉತ್ಪನ್ನಗಳ ಬೆನ್ನು ಹತ್ತಿದರು. 'ಡಿಟಾಕ್ಸ್ ಅಂದರೆ ಏನು' ಎಂಬ ಪ್ರಶ್ನೆಗೆ ಎರಡು ಕಂಪನಿಗಳು ಒಂದೇ ಉತ್ತರ ಕೊಡಲಿಲ್ಲ. 2015ರಲ್ಲಿ ಇಬ್ಬರು ಸಂಶೋಧಕರು ಡಿಟಾಕ್ಸ್ ಡಯಟ್‌ಗಳ ಮೇಲಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಮಾರಾಟದಲ್ಲಿರುವ ಡಿಟಾಕ್ಸ್ ಡಯಟ್ ಕೆಲಸ ಮಾಡುತ್ತದೆಯೇ ಅಂತ ಸರಿಯಾದ ಕ್ರಮದಲ್ಲಿ, ಅಂದರೆ ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಪರೀಕ್ಷಿಸಿದ ಅಧ್ಯಯನ ಅವರಿಗೆ ಒಂದೂ ಸಿಗಲಿಲ್ಲ.

ಹಾಗಾಗಿ ಈ ಹೋಲಿಕೆ ಸ್ವಲ್ಪ ಬೇರೆ ಥರ. ವಿಷ ತೆಗೆಯುವ ವಿಷಯದಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಅಂತ ಹೇಳಲು ಏನೂ ಇಲ್ಲ. ಎಲ್ಲದರ ಮುಂದೆಯೂ ಆ ಜಾಗ ಖಾಲಿ. ವ್ಯತ್ಯಾಸ ಇರುವುದು ಅಪಾಯದಲ್ಲಿ. ಕೆಲವು ದುಡ್ಡನ್ನಷ್ಟೇ ತಿನ್ನುತ್ತವೆ, ಕೆಲವು ಕಿಡ್ನಿ ತಿನ್ನುತ್ತವೆ, ಕೆಲವು ಜೀವ ತೆಗೆದಿವೆ. ಕಡಿಮೆ ಅಪಾಯದ್ದರಿಂದ ಶುರು ಮಾಡಿ ಮೇಲೆ ಹೋಗೋಣ.

ಅದಕ್ಕೂ ಮುಂಚೆ, ಈಗಾಗಲೇ ಒಳಗೆ ನಡೆಯುತ್ತಿರುವ ಕೆಲಸ ಯಾವುದು ಅಂತ ಎರಡು ಮಾತು. ಲಿವರ್ ಮೂಲಕ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಹರಿಯುತ್ತದೆ. ಪ್ರೋಟೀನ್ ಒಡೆದಾಗ ಬರುವ ಅಮೋನಿಯಾವನ್ನು ಅದು ಯೂರಿಯಾ ಮಾಡುತ್ತದೆ. ಆಲ್ಕೋಹಾಲ್, ಮಾತ್ರೆ, ಹಳೆಯ ಹಾರ್ಮೋನು, ಎಲ್ಲವನ್ನೂ ಹಂತ ಹಂತವಾಗಿ ನೀರಿನಲ್ಲಿ ಕರಗುವ ಹಾಗೆ ಬದಲಿಸುತ್ತದೆ. ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಬೇಕಾದದ್ದನ್ನು ವಾಪಸ್ ಎಳೆದುಕೊಂಡು, ಒಂದೆರಡು ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಬಿಡುತ್ತವೆ. ಇವು ಕಸ ತುಂಬಿಕೊಳ್ಳುವ ಬುಟ್ಟಿಗಳಲ್ಲ. ಇವನ್ನು ಆಗಾಗ ಬಿಚ್ಚಿ ತೊಳೆಯಬೇಕು ಅನ್ನುವ ಮಾತಿಗೆ ಅರ್ಥವಿಲ್ಲ. ಇವು ನಿಜವಾಗಿ ಕೈಕೊಟ್ಟರೆ ಮನುಷ್ಯ ಸುಸ್ತು ಅಂತ ಕೂರುವುದಿಲ್ಲ, ಆಸ್ಪತ್ರೆ ಸೇರುತ್ತಾನೆ.

ದುಡ್ಡು ಮಾತ್ರ ಹೋಗುವಂಥವು

ಪಾದದ ಪ್ಯಾಡ್ ಇಲ್ಲಿ ಮೊದಲನೆಯದು. ರಾತ್ರಿ ಅಂಟಿಸಿ ಮಲಗಿದರೆ ಬೆಳಗ್ಗೆ ಕಪ್ಪಗೆ, ಅಂಟಂಟಾಗಿ ಇರುತ್ತದೆ. ನೋಡಿದವರಿಗೆ 'ಅಯ್ಯೋ, ಇಷ್ಟೆಲ್ಲ ನನ್ನೊಳಗೆ ಇತ್ತಾ' ಅನ್ನಿಸುವುದು ಸಹಜ. ಅದರಲ್ಲಿ ಇರುವುದು ಮರದ ವಿನೆಗರ್‌ನಂಥ ಪುಡಿ. ತೇವ ತಾಗಿದರೆ ಅದು ಕಪ್ಪಾಗುತ್ತದೆ. ಎರಡು ಹನಿ ಶುದ್ಧ ನೀರು ಹಾಕಿ ನೋಡಿ, ಆಗಲೂ ಕಪ್ಪಾಗುತ್ತದೆ. ಇಂಥ ಪ್ಯಾಡ್‌ಗಳಲ್ಲಿ ಹೆಸರು ಮಾಡಿದ್ದ ಕಿನೋಕಿಯನ್ನು ಮಾರುತ್ತಿದ್ದವರ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲಿ ಸುಳ್ಳು ಜಾಹೀರಾತಿನ ಮೊಕದ್ದಮೆ ಹೂಡಿತು.

ಪಾದ ಮುಳುಗಿಸಿ ಕೂರುವ ಅಯಾನಿಕ್ ಟಬ್ ಕತೆಯೂ ಹೀಗೇ. ಉಪ್ಪುನೀರಿಗೆ ಕರೆಂಟ್ ಹರಿಸಿದಾಗ ಒಳಗಿನ ಲೋಹದ ತುಂಡು ತುಕ್ಕು ಹಿಡಿದು ನೀರು ಕಂದಾಗುತ್ತದೆ. ಪಾದ ಇಡದೆ ಹಾಗೇ ಬಿಟ್ಟರೂ ಕಂದಾಗುತ್ತದೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ನೀರನ್ನೂ, ಕೂತವರ ಮೂತ್ರ ಮತ್ತು ಕೂದಲನ್ನೂ ಪರೀಕ್ಷಿಸಿದರು. ಪಾದದಿಂದ ವಿಷ ಹೊರಬಂದ ಗುರುತು ಸಿಗಲಿಲ್ಲ. ಪೇಸ್‌ಮೇಕರ್ ಇರುವವರು ಮಾತ್ರ ಇದರ ಹತ್ತಿರ ಹೋಗಬಾರದು. ಉಳಿದವರಿಗೆ ಬಿಸಿನೀರಲ್ಲಿ ಕಾಲಿಟ್ಟ ಹಿತ ಸಿಗುತ್ತದೆ. ಆ ಹಿತ ಬರಿಯ ಬಕೆಟ್ ನೀರಿನಲ್ಲೂ ಸಿಗುತ್ತದೆ ಅಲ್ವಾ?

ಕ್ಷಾರೀಯ ನೀರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊಟ್ಟೆಯ ಆಮ್ಲಕ್ಕೆ ಬಿದ್ದ ಕೂಡಲೇ ಅದರ ಕ್ಷಾರ ಮುಗಿಯಿತು. ರಕ್ತದ ಪಿಎಚ್ 7.35ರಿಂದ 7.45ರ ಒಳಗೇ ಇರುವ ಹಾಗೆ ಶ್ವಾಸಕೋಶ ಮತ್ತು ಕಿಡ್ನಿ ನೋಡಿಕೊಳ್ಳುತ್ತವೆ.

ಕಿವಿಗೆ ಮೇಣದ ಕೊಳವೆ ಇಟ್ಟು ಹೊತ್ತಿಸುವುದನ್ನೂ ಕೆಲವರು ಈ ಸಾಲಿಗೆ ಸೇರಿಸುತ್ತಾರೆ. ನಾನು ಸೇರಿಸುವುದಿಲ್ಲ. ಅದು ಏನನ್ನೂ ಎಳೆಯುವುದಿಲ್ಲ, ಕೊನೆಗೆ ಕೊಳವೆಯಲ್ಲಿ ಉಳಿಯುವುದು ಮೇಣದ್ದೇ ಕಿಟ್ಟ ಅಂತ 1996ರಲ್ಲೇ ತೋರಿಸಲಾಗಿದೆ. ಕಿವಿಯೊಳಗೆ ಸುಟ್ಟ ಗಾಯ, ತಮಟೆಗೆ ತೂತು, ಇವೆರಡೂ ವೈದ್ಯರು ಕಂಡಿರುವ ಪರಿಣಾಮಗಳೇ.

ಜ್ಯೂಸ್ ಮತ್ತು ನೀರು

ಇದು ಎಲ್ಲರಿಗೂ ಹಿತವಾಗಿ ಕೇಳಿಸುವ ಆಯ್ಕೆ. ಹಣ್ಣು, ಸೊಪ್ಪು, ನೀರು, ಇದರಲ್ಲಿ ಕೆಡುಕೇನು? ಆರೋಗ್ಯವಾಗಿರುವವರು ಒಂದೆರಡು ದಿನ ಮಾಡಿದರೆ ಹೆಚ್ಚೇನೂ ಆಗುವುದಿಲ್ಲ. ಹಸಿವು, ತಲೆನೋವು, ಸಿಡಿಮಿಡಿ, ಅಷ್ಟೇ. ತೂಕ ಎರಡು ಕಿಲೋ ಇಳಿದಿದೆ ಅಂತ ಖುಷಿಪಡುವವರಿಗೆ ಒಂದು ಲೆಕ್ಕ ಹೇಳಬೇಕು. ಲಿವರ್‌ನಲ್ಲೂ ಸ್ನಾಯುಗಳಲ್ಲೂ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಊಟ ಬಿಟ್ಟಾಗ ಮೊದಲು ಖಾಲಿಯಾಗುವುದು ಈ ದಾಸ್ತಾನು, ಅದರ ಜೊತೆ ಆ ನೀರು. ಮತ್ತೆ ಊಟ ಶುರುವಾದರೆ ಎರಡೂ ವಾಪಸ್ ಬರುತ್ತವೆ. ಕೊಬ್ಬು ಕರಗಿದ್ದು ಅಲ್ಪ.

ತಲೆನೋವಿನ ಬಗ್ಗೆಯೂ ಹೇಳಲೇಬೇಕು. 'ವಿಷ ಹೊರಗೆ ಬರುತ್ತಿರುವ ಲಕ್ಷಣ ಇದು, ತಡೆದುಕೊಳ್ಳಿ' ಅಂತ ಸಮಾಧಾನ ಹೇಳುತ್ತಾರೆ. ಬಹಳ ಸಲ ಅದು ಕಾಫಿ, ಟೀ ಬಿಟ್ಟಿದ್ದರ ತಲೆನೋವು. ಕೆಫೀನ್ ನಿಂತ 12ರಿಂದ 24 ಗಂಟೆಯೊಳಗೆ ಶುರುವಾಗುತ್ತದೆ. ನನಗೆ ಬಹಳ ಬೇಸರ ತರಿಸುವುದು 'ತಡೆದುಕೊಳ್ಳಿ' ಅನ್ನುವ ಆ ಒಂದು ಮಾತು. ತಲೆಸುತ್ತು, ವಾಂತಿ, ಎದೆಬಡಿತ ಏನೇ ಆದರೂ ಅದು ಒಳ್ಳೆಯ ಲಕ್ಷಣವೇ ಅಂತ ಒಪ್ಪಿಸಿಬಿಟ್ಟರೆ, ನಿಜವಾದ ಅಪಾಯ ಬಂದಾಗಲೂ ಮನುಷ್ಯ ಸುಮ್ನೆ ಮಲಗಿರುತ್ತಾನೆ.

ಆ ಅಪಾಯ ಎರಡು ಕಡೆಯಿಂದ ಬರಬಹುದು. ಒಂದು, ನೀರು ಅತಿಯಾಗುವುದು. ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಮಧ್ಯೆ ಇರಬೇಕು. ಉಪ್ಪಿಲ್ಲದ ಆಹಾರ, ಲೀಟರುಗಟ್ಟಲೆ ನೀರು, ಎರಡೂ ಸೇರಿದರೆ ಅದು ಕುಸಿಯುತ್ತದೆ, ಮೆದುಳು ಊದಿಕೊಳ್ಳುತ್ತದೆ. ಬ್ರಿಟನ್‌ನಲ್ಲಿ 47 ವರ್ಷದ ಮಹಿಳೆಯೊಬ್ಬರು ಹೊಸ ವರ್ಷಕ್ಕೆ ಡಿಟಾಕ್ಸ್ ಅಂತ ಗಿಡಮೂಲಿಕೆ ಪದಾರ್ಥಗಳ ಜೊತೆ ಬಹಳ ನೀರು ಕುಡಿದು, ಫಿಟ್ಸ್ ಬಂದು ಆಸ್ಪತ್ರೆ ಸೇರಿದ್ದನ್ನು ಅಲ್ಲಿನ ವೈದ್ಯರು ವರದಿ ಮಾಡಿದ್ದಾರೆ. ಇನ್ನೊಂದು, ಹಸಿರು ಜ್ಯೂಸ್‌ನಲ್ಲಿರುವ ಆಕ್ಸಲೇಟ್. ಪಾಲಕ್‌ನಂಥ ಸೊಪ್ಪನ್ನು ಪಲ್ಯದಲ್ಲಿ ತಿನ್ನುವುದಕ್ಕೂ, ಹಸಿಯಾಗಿ ಕಟ್ಟುಗಟ್ಟಲೆ ರುಬ್ಬಿ ದಿನಾ ಕುಡಿಯುವುದಕ್ಕೂ ಬಹಳ ಅಂತರ. ಆಕ್ಸಲೇಟ್ ಕಿಡ್ನಿಯಲ್ಲಿ ಹರಳುಗಟ್ಟುತ್ತದೆ. 2018ರಲ್ಲಿ ಕಿಡ್ನಿ ತಜ್ಞರ ಪತ್ರಿಕೆಯೊಂದರಲ್ಲಿ 65 ವರ್ಷದ ಮಹಿಳೆಯ ವರದಿ ಬಂತು. ಹಸಿರು ಸ್ಮೂದಿಯ ಡಿಟಾಕ್ಸ್ ಮಾಡುವ ಮೊದಲು ಅವರ ಕಿಡ್ನಿ ಸರಿಯಾಗಿತ್ತು. ಆಮೇಲೆ ಪೂರ್ತಿ ಕೈಕೊಟ್ಟಿತು. ಅವರಿಗೆ ಮೊದಲೇ ಹೊಟ್ಟೆಯ ಬೈಪಾಸ್ ಆಪರೇಶನ್ ಆಗಿತ್ತು, ಬಹಳ ದಿನ ಆಂಟಿಬಯಾಟಿಕ್ ತೆಗೆದುಕೊಂಡಿದ್ದರು. ಇವೆರಡೂ ಆಕ್ಸಲೇಟ್ ಮೈಗೆ ಸೇರುವುದನ್ನು ಹೆಚ್ಚಿಸುತ್ತವೆ. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಜ್ಯೂಸ್ ಮಾರುವವರು ನಿಮಗೆ ಯಾವ ಆಪರೇಶನ್ ಆಗಿದೆ ಅಂತ ಕೇಳುವುದೂ ಇಲ್ಲ.

ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಎಚ್ಚರದಿಂದ ಇರಬೇಕು. ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುವವರಿಗೆ ಸೊಪ್ಪಿನ ಜ್ಯೂಸ್‌ನ ವಿಟಮಿನ್ ಕೆ ಅಡ್ಡ ಬರುತ್ತದೆ. ಗ್ರೇಪ್‌ಫ್ರೂಟ್ ಜ್ಯೂಸ್ ಕೆಲವು ಕೊಲೆಸ್ಟರಾಲ್ ಮಾತ್ರೆಗಳ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ.

ಲಿವರ್ ಫ್ಲಶ್‌ನ ಹಸಿರು ಕಲ್ಲುಗಳು

ಎಲ್ಲಕ್ಕಿಂತ ನಂಬಿಕೆ ಹುಟ್ಟಿಸುವುದು ಇದು. ಯಾಕೆಂದರೆ ಕಣ್ಣಿಗೆ ಕಾಣುವ ಸಾಕ್ಷಿ ಇದೆ. ಒಂದು ದಿನ ಸೇಬಿನ ಜ್ಯೂಸ್, ಆಮೇಲೆ ಆಲಿವ್ ಎಣ್ಣೆ ಮತ್ತು ನಿಂಬೆರಸ, ಜೊತೆಗೆ ಎಪ್ಸಮ್ ಉಪ್ಪು. ಮರುದಿನ ಭೇದಿಯಲ್ಲಿ ಹಸಿರು ಬಣ್ಣದ ಮೆತ್ತನೆಯ ಕಲ್ಲುಗಳು ಬರುತ್ತವೆ. ಪಿತ್ತಕೋಶದ ಕಲ್ಲು ಆಪರೇಶನ್ ಇಲ್ಲದೆ ಹೋಯಿತು ಅಂತ ಜನ ಕಣ್ಣೀರು ಹಾಕುವಷ್ಟು ಸಂತೋಷಪಡುತ್ತಾರೆ.

ನ್ಯೂಜಿಲೆಂಡ್‌ನಲ್ಲಿ 40 ವರ್ಷದ ಮಹಿಳೆಯೊಬ್ಬರು ಇಂಥ ಕಲ್ಲುಗಳನ್ನು ಜೋಪಾನವಾಗಿ ಇಟ್ಟು ವೈದ್ಯರಿಗೆ ತಂದುಕೊಟ್ಟರು. ಲ್ಯಾಬಿನಲ್ಲಿ ಪರೀಕ್ಷಿಸಿದರೆ ಪಿತ್ತದ ಕಲ್ಲಿನಲ್ಲಿ ಇರಬೇಕಾದ ಕೊಲೆಸ್ಟರಾಲ್ ಇಲ್ಲ, ಬಿಲಿರುಬಿನ್ ಇಲ್ಲ, ಕ್ಯಾಲ್ಸಿಯಂ ಇಲ್ಲ. ಶೇ. 75 ಭಾಗ ಕೊಬ್ಬಿನ ಆಮ್ಲ. 40 ಡಿಗ್ರಿಗೆ ಬಿಸಿ ಮಾಡಿದರೆ ಹತ್ತೇ ನಿಮಿಷಕ್ಕೆ ಎಣ್ಣೆಯಾಗಿ ಕರಗಿಹೋದವು. ಕುಡಿದ ಎಣ್ಣೆ ಹೊಟ್ಟೆಯ ಕಿಣ್ವಗಳಿಂದ ಒಡೆದು, ನಿಂಬೆರಸದ ಪೊಟ್ಯಾಸಿಯಂ ಜೊತೆ ಸೇರಿ ಸಾಬೂನಾಗಿತ್ತು. 2005ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅಂದರೆ ಆ ಕಲ್ಲುಗಳು ಒಳಗೆ ಇದ್ದವಲ್ಲ, ಫ್ಲಶ್ ಮಾಡಿದ್ದರಿಂದಲೇ ಹುಟ್ಟಿದವು. ಪಿತ್ತಕೋಶವೇ ಇಲ್ಲದವರು ಕುಡಿದರೂ ಹುಟ್ಟಬಹುದು.

ನಿಜವಾದ ಕಲ್ಲು ಇರುವವರಿಗೆ ಇದು ಇನ್ನೂ ಕೆಟ್ಟದ್ದು. ಅಷ್ಟು ಎಣ್ಣೆ ಒಟ್ಟಿಗೆ ಬಿದ್ದರೆ ಪಿತ್ತಕೋಶ ಜೋರಾಗಿ ಹಿಂಡಿಕೊಳ್ಳುತ್ತದೆ. ಕಲ್ಲು ನಾಳದಲ್ಲಿ ಸಿಕ್ಕಿಕೊಂಡರೆ ತಡೆಯಲಾಗದ ನೋವು, ಕಾಮಾಲೆ, ಮೇದೋಜೀರಕದ ಉರಿಯೂತ ಬರಬಹುದು. ಎಪ್ಸಮ್ ಉಪ್ಪು ಅಂದರೆ ಮೆಗ್ನೀಶಿಯಂ ಸಲ್ಫೇಟ್. ಕಿಡ್ನಿ ಸರಿಯಿಲ್ಲದವರಲ್ಲಿ ಆ ಮೆಗ್ನೀಶಿಯಂ ಹೊರಹೋಗದೆ ಹೃದಯದ ಬಡಿತವನ್ನೇ ಕೆಡಿಸಬಹುದು. ಜ್ಯೂಸ್ ಮತ್ತು ಫ್ಲಶ್ ಎರಡರಲ್ಲಿ ಒಂದು ಅಂತ ಇದ್ದರೆ ಫ್ಲಶ್ ಬಿಡಿ. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ.

ಕರುಳು ತೊಳೆಯುವುದು

ದೊಡ್ಡ ಕರುಳಿನಲ್ಲಿ ಹಳೆಯ ಮಲ ವರ್ಷಗಟ್ಟಲೆ ಅಂಟಿಕೊಂಡಿರುತ್ತದೆ, ಅದರ ವಿಷ ರಕ್ತಕ್ಕೆ ಸೇರುತ್ತದೆ ಎಂಬುದು ಹಳೆಯ ನಂಬಿಕೆ. ನೂರು ವರ್ಷದ ಹಿಂದೆ ದೊಡ್ಡ ವೈದ್ಯರೂ ಇದನ್ನು ನಂಬಿದ್ದರು. ಲಂಡನ್ನಿನ ಶಸ್ತ್ರವೈದ್ಯ ಅರ್ಬುತ್‌ನಾಟ್ ಲೇನ್ ಮಲಬದ್ಧತೆಗಾಗಿ ಜನರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದ. 1922ರ ಹೊತ್ತಿಗೆ ಇದನ್ನು ಒಂದು ಸರಳ ಪ್ರಯೋಗ ಪ್ರಶ್ನಿಸಿತು. ಆರೋಗ್ಯವಂತರ ಗುದನಾಳದಲ್ಲಿ ಹತ್ತಿ ತುರುಕಿದಾಗ, ಮಲಬದ್ಧತೆಯವರು ಹೇಳುವ ಅದೇ ತಲೆಭಾರ, ಅದೇ ಮಂಕು ಕಾಣಿಸಿತು. ಹತ್ತಿಯಲ್ಲಿ ವಿಷ ಎಲ್ಲಿಂದ ಬರಬೇಕು? ತೊಂದರೆ ಕೊಡುತ್ತಿದ್ದದ್ದು ಒತ್ತಡ. ಇನ್ನು, ಕರುಳಿನ ಒಳಪದರ ನಾಲ್ಕೈದು ದಿನಕ್ಕೊಮ್ಮೆ ತಾನೇ ಹೊಸದಾಗುತ್ತದೆ. ಅಲ್ಲಿ ವರ್ಷಗಟ್ಟಲೆ ಏನೂ ಅಂಟಿ ಕೂರಲು ಆಗುವುದಿಲ್ಲ. ಡಿಟಾಕ್ಸ್ ಪುಡಿ ತಿಂದ ಮೇಲೆ ಹಗ್ಗದಂತೆ, ರಬ್ಬರಿನಂತೆ ಬರುವುದು ಆ ಪುಡಿಯಲ್ಲಿದ್ದ ಇಸಬ್ಗೋಲು ಮತ್ತು ಜೇಡಿಮಣ್ಣು ಸೇರಿ ಗಟ್ಟಿಯಾದ ಮುದ್ದೆ.

ಅಪಾಯದ ಪಟ್ಟಿ ಮಾತ್ರ ಉದ್ದ ಇದೆ. ನಳಿಕೆಯಿಂದ ಕರುಳಿಗೆ ತೂತು ಬೀಳಬಹುದು. ನೀರು ತುಂಬಿ ಲವಣಗಳ ಲೆಕ್ಕ ತಪ್ಪಬಹುದು. ಸೋಂಕು ತಗಲಬಹುದು. ಅಮೆರಿಕದ ಕೊಲರಾಡೊದ ಒಂದು ಕ್ಲಿನಿಕ್‌ನಲ್ಲಿ 1978ರಿಂದ 1980ರ ಅವಧಿಯಲ್ಲಿ ಸರಿಯಾಗಿ ಶುದ್ಧಮಾಡದ ಯಂತ್ರದಿಂದ ಕನಿಷ್ಠ 36 ಜನಕ್ಕೆ ಅಮೀಬಿಯಾಸಿಸ್, ಅಂದರೆ ಅಮೀಬಾದ ಸೋಂಕು, ಹರಡಿತು. 10 ಜನರ ಕರುಳನ್ನು ಕತ್ತರಿಸಬೇಕಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಉಳಿಯಲಿಲ್ಲ. ಕಾಫಿ ಎನಿಮಾ ಮತ್ತೆ ಮತ್ತೆ ಮಾಡಿಕೊಂಡ ಇಬ್ಬರು ಸತ್ತ ವರದಿ 1980ರಲ್ಲೇ ಬಂದಿದೆ. ಕೊಲೊನೋಸ್ಕೋಪಿಗೆ ಮುಂಚೆ ಆಸ್ಪತ್ರೆಯಲ್ಲಿ ಹೊಟ್ಟೆ ಖಾಲಿ ಮಾಡಿಸುವುದು ಬೇರೆ ವಿಷಯ. ಅದಕ್ಕೆ ಕಾರಣ ಇದೆ, ಅಳತೆ ಇದೆ, ನೋಡಿಕೊಳ್ಳುವವರು ಇದ್ದಾರೆ.

ಇದ್ದಿಲು, ಬೆವರು, ಮಾತ್ರೆ

ಔಷಧಕ್ಕೆಂದೇ ಸಂಸ್ಕರಿಸಿದ ಇದ್ದಿಲು (ಆಕ್ಟಿವೇಟೆಡ್ ಚಾರ್ಕೋಲ್) ನಿಜವಾದ ಔಷಧ. ಹಾಗಾಗಿಯೇ ಜನ ಮೋಸ ಹೋಗುತ್ತಾರೆ. ವಿಷ ನುಂಗಿದವರಿಗೆ ತುರ್ತು ವಿಭಾಗದಲ್ಲಿ, ಸಾಧ್ಯವಾದಷ್ಟು ಮೊದಲ ಒಂದು ಗಂಟೆಯೊಳಗೆ, 50 ಗ್ರಾಂ ಆಸುಪಾಸು ಕೊಡುತ್ತಾರೆ. ಹೊಟ್ಟೆಯಲ್ಲಿ ಇನ್ನೂ ಇರುವ ವಿಷವನ್ನು ಅದು ಹಿಡಿದುಕೊಳ್ಳುತ್ತದೆ. ಆಲ್ಕೋಹಾಲ್, ಕಬ್ಬಿಣ, ಲಿಥಿಯಂ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ದಿನಾ ಒಂದು ಕ್ಯಾಪ್ಸೂಲ್ ನುಂಗಿದರೆ ಅದು ಹಿಡಿದುಕೊಳ್ಳಬಹುದಾದದ್ದು ನಿಮ್ಮ ಬೇರೆ ಮಾತ್ರೆಗಳನ್ನು. ಗರ್ಭನಿರೋಧಕ ಮಾತ್ರೆ ಕೂಡ ಆ ಸಾಲಿನಲ್ಲಿ ಬರುತ್ತದೆ.

ಬೆವರು ಬರುವುದು ಮೈ ತಣ್ಣಗಾಗಲಿಕ್ಕೆ. ಅದರ ಶೇ. 99 ನೀರು. ಕೊಬ್ಬಿನಲ್ಲಿ ಕರಗುವ ಕೀಟನಾಶಕದಂಥವು ಬೆವರಿನಲ್ಲಿ ಹೊರಬರುವುದು, ದಿನಾ ಊಟದಲ್ಲಿ ಒಳಹೋಗುವುದರ ಶೇ. 1ಕ್ಕಿಂತ ಎಷ್ಟೋ ಕಡಿಮೆ. ಹತ್ತು ಹದಿನೈದು ನಿಮಿಷದ ಸೌನಾ ಹಿತವೇ. ಅದನ್ನು ಹಿತಕ್ಕಾಗಿ ಮಾಡಿ. ಆದರೆ 2011ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಮೈಗೆ ಮಣ್ಣು ಬಳಿದು, ಪ್ಲಾಸ್ಟಿಕ್, ಕಂಬಳಿ ಸುತ್ತಿ ಗಂಟೆಗಟ್ಟಲೆ ಬೆವರಿಳಿಸುವ ಶಿಬಿರದಲ್ಲಿ ಮಹಿಳೆಯೊಬ್ಬರು ತಾಪ ತಡೆಯದೆ ಸತ್ತರು.

'ಲಿವರ್ ಡಿಟಾಕ್ಸ್' ಮಾತ್ರೆಗಳ ವಿಷಯ ನನಗೆ ನೋವು ಕೊಡುತ್ತದೆ. ಅಮೆರಿಕದ ಲಿವರ್ ತಜ್ಞರ ಜಾಲವೊಂದು ಔಷಧಗಳಿಂದ ಲಿವರ್ ಕೆಟ್ಟವರನ್ನು 2004ರಿಂದ ಲೆಕ್ಕ ಇಟ್ಟಿತು. ಗಿಡಮೂಲಿಕೆ ಮತ್ತು ಸಪ್ಲಿಮೆಂಟ್‌ಗಳಿಂದ ಕೆಟ್ಟವರ ಪಾಲು ಹತ್ತು ವರ್ಷದೊಳಗೆ ಶೇ. 7ರಿಂದ ಶೇ. 20ಕ್ಕೆ ಏರಿತು. ಡಿಟಾಕ್ಸ್ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವ ಗ್ರೀನ್ ಟೀ ಸಾರವನ್ನೇ ನೋಡಿ. ಕಪ್‌ನಲ್ಲಿ ಕುಡಿಯುವ ಟೀ ಪರವಾಗಿಲ್ಲ. ಅದನ್ನೇ ಹಿಂಡಿ ಗಟ್ಟಿ ಮಾಡಿದ ಮಾತ್ರೆಯಲ್ಲಿ ಇಜಿಸಿಜಿ ಎಂಬ ಅಂಶ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಲಿವರ್‌ಗೆ ಪೆಟ್ಟು ಬಿದ್ದ ಗುರುತು ರಕ್ತದಲ್ಲಿ ಕಾಣಿಸಬಹುದು ಅಂತ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿದೆ. ಲಿವರ್ ಕಾಪಾಡಲು ಹೋಗಿ ಲಿವರ್ ಕಳೆದುಕೊಳ್ಳುವ ಹಾಗಾಗಬಾರದು.

ಬೇಡವೇ ಬೇಡ ಅನ್ನುವ ಎರಡು

ಕೀಲೇಶನ್ ಒಂದು. ಸೀಸ ಮೈಗೆ ಸೇರಿದವರಿಗೆ ಇದು ಒಳ್ಳೆಯ ಚಿಕಿತ್ಸೆ, ಜೀವ ಉಳಿಸಿದೆ. ಮಕ್ಕಳ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 45 ಮೈಕ್ರೋಗ್ರಾಂ ದಾಟಿದರೆ ವೈದ್ಯರು ಇದನ್ನು ಕೊಡುತ್ತಾರೆ. ಅದಕ್ಕಿಂತ ಕಡಿಮೆ ಇದ್ದರೆ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ತಡೆಯುವುದೇ ಮುಖ್ಯ ಚಿಕಿತ್ಸೆ. ಆದರೆ ಆಟಿಸಂಗೆ, ಸುಸ್ತಿಗೆ, ಸುಮ್ನೆ 'ಲೋಹ ತೆಗೆಯಲು' ಅಂತ ಇದನ್ನು ಕೊಡುವವರು ಇದ್ದಾರೆ. ಈ ಔಷಧಗಳು ಬೇಕಾದ ಲೋಹ, ಬೇಡದ ಲೋಹ ಅಂತ ನೋಡುವುದಿಲ್ಲ. 2003ರಿಂದ 2005ರೊಳಗೆ ಅಮೆರಿಕದಲ್ಲಿ ಮೂವರು, ಅವರಲ್ಲಿ ಇಬ್ಬರು ಮಕ್ಕಳು, ಕೀಲೇಶನ್ ಆದ ಮೇಲೆ ರಕ್ತದ ಕ್ಯಾಲ್ಸಿಯಂ ಕುಸಿದು ಸತ್ತರು. ಒಬ್ಬ ಐದು ವರ್ಷದ ಹುಡುಗ. ಅವನಿಗೆ ಇದ್ದದ್ದು ಆಟಿಸಂ.

ಇದನ್ನು ಮಾರುವಾಗ ಒಂದು ಮೂತ್ರ ಪರೀಕ್ಷೆ ತೋರಿಸುತ್ತಾರೆ. ಮೊದಲು ಕೀಲೇಶನ್ ಔಷಧ ಕೊಟ್ಟು, ಆಮೇಲೆ ಮೂತ್ರ ಹಿಡಿದು, ಔಷಧ ಕೊಡದವರ ಮಟ್ಟದ ಜೊತೆ ಹೋಲಿಸುತ್ತಾರೆ. ಹಾಗೆ ಮಾಡಿದರೆ ಯಾರ ಮೂತ್ರದಲ್ಲಾದರೂ ಲೋಹ ಜಾಸ್ತಿಯೇ ಕಾಣುತ್ತದೆ. ಅಮೆರಿಕದ ವಿಷವೈದ್ಯರ ಸಂಘ ಈ ಪರೀಕ್ಷೆಯನ್ನು ಒಪ್ಪುವುದಿಲ್ಲ. ಆ ಕಾಗದ ಕೈಗೆ ಕೊಟ್ಟರೆ ಹೆದರಬೇಡಿ. ಮಾಮೂಲಿ ರಕ್ತ ಪರೀಕ್ಷೆ ಮಾಡಿಸಿ.

ಎರಡನೆಯದು 'ಮಿರಾಕಲ್ ಮಿನರಲ್' ದ್ರಾವಣ, ಎಂಎಂಎಸ್. ಹೇಳಿದ ಹಾಗೆ ಹುಳಿ ಬೆರೆಸಿದರೆ ಅದು ಕ್ಲೋರಿನ್ ಡೈಆಕ್ಸೈಡ್ ಆಗುತ್ತದೆ. ಅದು ಬಟ್ಟೆ ಬಿಳುಪು ಮಾಡುವ ಬ್ಲೀಚ್. 2010ರಲ್ಲೂ 2019ರಲ್ಲೂ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು ಕುಡಿಯಬೇಡಿ ಅಂತ ಎಚ್ಚರಿಸಿದೆ. ಇದಕ್ಕೆ ಸುರಕ್ಷಿತ ಪ್ರಮಾಣ ಅನ್ನುವುದೇ ಇಲ್ಲ.

ನಿಮ್ಮ ಕಾರಣ ಯಾವುದು?

ಡಿಟಾಕ್ಸ್ ಬೇಕು ಅನ್ನುವವರ ತೊಂದರೆ ಸುಳ್ಳಲ್ಲ. ಅದಕ್ಕೆ ಸಿಕ್ಕಿದ ಹೆಸರು ಮಾತ್ರ ತಪ್ಪು. ತಿಂಗಳುಗಟ್ಟಲೆ ಸುಸ್ತು ಇದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ವಿಟಮಿನ್ ಬಿ12 ನೋಡಿಸಿ. ಜ್ಯೂಸ್ ಕುಡಿದು ಮೂರು ವಾರ ತಳ್ಳಿದರೆ ರಕ್ತಹೀನತೆ ಮೂರು ವಾರ ಹಳೆಯದಾಗುತ್ತದೆ, ಅಷ್ಟೇ. ಮಲಬದ್ಧತೆಗೆ ನಾರಿನ ಆಹಾರ, ನೀರು, ನಡಿಗೆ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ಡಾಕ್ಟರ ಹತ್ತಿರ ಹೋಗಿ. ವಾತಾವರಣದ ವಿಷದ ಭಯ ಇರುವವರಿಗೆ ಒಂದು ಅಂಕಿ ಹೇಳುತ್ತೇನೆ. ಡಯಾಕ್ಸಿನ್ ಎಂಬ ವಿಷ ಮೈಯಲ್ಲಿ ಅರ್ಧಕ್ಕೆ ಇಳಿಯಲು 7ರಿಂದ 11 ವರ್ಷ ಬೇಕು. ಮೂರು ದಿನದ ಯಾವ ಉಪವಾಸವೂ ಅದನ್ನು ಅಲುಗಾಡಿಸದು. ಕೆಲಸದ ಜಾಗದಲ್ಲಿ ಸೀಸ, ಪಾದರಸ ಇದ್ದರೆ ಅದನ್ನು ಹೆಸರು ಹೇಳಿಯೇ ಪರೀಕ್ಷೆ ಮಾಡಿಸಿ.

ದಿನಾ ಹೆಚ್ಚು ಕುಡಿಯುವವರು ಡಿಟಾಕ್ಸ್ ಅಂತ ಮನೆಯಲ್ಲಿ ಒಮ್ಮೆಲೇ ನಿಲ್ಲಿಸಬೇಡಿ. ನಿಲ್ಲಿಸಿದ ಕೆಲವು ಗಂಟೆಗಳಿಂದ ನಾಲ್ಕು ದಿನದೊಳಗೆ ಫಿಟ್ಸ್, ಭ್ರಮೆ ಬಂದು ಜೀವಕ್ಕೆ ಕುತ್ತಾಗಬಹುದು. ವೈದ್ಯರ ಕಣ್ಣೆದುರಿನಲ್ಲಿ ಔಷಧ ಕೊಟ್ಟು ಬಿಡಿಸುವುದಕ್ಕೆ ಆಸ್ಪತ್ರೆಯಲ್ಲಿ ಡಿಟಾಕ್ಸ್ ಅನ್ನುತ್ತಾರೆ. ಆ ಪದದ ಅಸಲಿ ಅರ್ಥ ಅದು.

ಗರ್ಭಿಣಿಯರು, ಹಾಲುಣಿಸುವವರು, ಮಕ್ಕಳು, ಸಕ್ಕರೆ ಕಾಯಿಲೆ, ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರು, ಹಿಂದೆ ಊಟದ ಗೀಳಿನ ಕಾಯಿಲೆಯಿಂದ (ಈಟಿಂಗ್ ಡಿಸಾರ್ಡರ್) ನರಳಿದವರು, ಇವರು ಜ್ಯೂಸ್ ಉಪವಾಸವನ್ನೂ ಮಾಡಬಾರದು.

ಈಗಾಗಲೇ ಏನಾದರೂ ಶುರು ಮಾಡಿದ್ದು ಗೊಂದಲ, ಫಿಟ್ಸ್, ಎದೆನೋವು, ನಿಲ್ಲದ ವಾಂತಿ, ಹಳದಿ ಕಣ್ಣು, ಕಪ್ಪು ಮೂತ್ರ, ಮೂತ್ರವೇ ಬಾರದಿರುವುದು ಇವುಗಳಲ್ಲಿ ಒಂದು ಕಂಡರೂ ತಕ್ಷಣ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ. ಹೋಗುವಾಗ ಆ ಬಾಟಲಿ, ಪುಡಿಯ ಪೊಟ್ಟಣ, ಮಾತ್ರೆಯ ಡಬ್ಬಿ ಜೊತೆಗಿರಲಿ. ನಾಚಿಕೆಪಟ್ಟು ಮುಚ್ಚಿಡಬೇಡಿ. ಏನು ತೆಗೆದುಕೊಂಡಿರಿ, ಎಷ್ಟು ದಿನ ತೆಗೆದುಕೊಂಡಿರಿ ಅಂತ ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ.